ಏಳು ಕಾರ್ಡಿನ ಸೋದರಮಾವ

ಪ್ರೂಫ್ ಓದಾಕ ಈ ಭೂಮಿ ಮ್ಯಾಲ ಯಾರಿಗೂ ಬರೂದಿಲ್ಲ. ಇದು ನನ್ನ ಇಪ್ಪತ್ತೆರಡ ವರ್ಷದ ಅನುಭವ, ಇಲ್ಲ ಅನ್ನಾವ್ರು ಮುಂದ ಬರ್ರಿ. ಲಗ್ನದ ಕಾರ್ಡಿನ ಪ್ರೂಫ್ ಕೈಯಾಗ ಕೊಟ್ರ ಹುಡುಗಿ ಅಪ್ಪ ಏನ ಮಾಡ್ತಾನ? ತನ್ನ ಹೆಸರ ಹುಡುಕ್ತಾನ. ಸಿಕ್ತಂದ್ರ, "ಬರೋಬ್ಬರಿ ಐತ್ರಿ ಅಕ್ಕಾರ, ಹೊಡೀರಿ" ಅಂತಾನ. ಕಾಕಾ ಬಂದ್ರ ಕಾಕಾನ ಹೆಸರ ಅಷ್ಟ, ಭಾವ ಬಂದ್ರ ಭಾವನ ಹೆಸರ ಅಷ್ಟ. ನಲವತ್ತ ಹೆಸರ ಇರ್ತಾವ ಕಾರ್ಡಿನ್ಯಾಗ, ನಲವತ್ತ ಮಂದಿ ಒಂದೊಂದ ಹೆಸರ ಓದಿ ಹೋಗ್ತಾರ. ಮುಹೂರ್ತ ತಪ್ಪಿದ್ರೂ ಯಾರಿಗೂ ಖಬರ ಇರೂದಿಲ್ಲ. ಆಮ್ಯಾಲ ಬೈಸ್ಕೊಳ್ಳಾಕ ನಾ ಇದ್ದೇ ಇದ್ದೇನಲ್ಲ!

ನಾ ಕಸ್ತೂರೆವ್ವ. ಹಾರೂಗೇರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ನಮ್ಮ ಪ್ರೆಸ್ ಐತಿ. ಪಡಸಾಲ್ಯಾಗ ಪ್ರೆಸ್, ಒಳಗ ಮನಿ. ಯಜಮಾನ್ರು ತೀರಿಕೊಂಡಾಗ ಮಗಳು ಭೀಮಾಬಾಯಿ ಮೂರ ವರ್ಷದ ಕೂಸು. "ಹೆಂಗಸು ಅಚ್ಚಿನ ಮೊಳಿ ಜೋಡಸಿ ಪ್ರೆಸ್ ನಡಸ್ತಾಳಂತ" ಅಂತ ಬಜಾರದ ಮಂದಿ ನಕ್ರು. ಆ ನಕ್ಕವ್ರ ಮಕ್ಕಳ ಲಗ್ನದ ಕಾರ್ಡು ನಾನ ಹೊಡದು ಕೊಟ್ಟೇನಿ. ಆಗ ನನ್ನ ಬೆನ್ನಿಗೆ ನಿಂತಂವ ಒಬ್ಬನ, ನನ್ನ ತಮ್ಮ ಆಬಾಸಾಹೇಬ. ಕಾಗವಾಡದಾಗ ಅವನ ದ್ರಾಕ್ಷಿ ತ್ವಾಟ. ವಾರಕ್ಕೊಮ್ಮೆ ಬಸ್ ಹತ್ತಿ ಬರಾಂವ, ಬಂದ ಕೂಡ್ಲೆ ತಲ್ಯಾಗಿನ ಕೆಂಪ ಪಟಗಾ ತಗದು ಪಡಸಾಲಿ ಗ್ವಾಡಿ ಗೂಟಕ್ಕ ಹಾಕಾಂವ, ಭೀಮಾನ್ನ ಹೆಗಲ ಮ್ಯಾಲ ಕುಂಡ್ರಿಸ್ಕೊಂಡು ಬಜಾರ ತಿರಗಾಂವ. ಆ ಗೂಟ ನಮ್ಮ ಯಜಮಾನ್ರು ಅವನ ಸಲುವಾಗೇ ಬಡದಿದ್ರು.

ಎಂಬತ್ತೆಂಟರಾಗ ಇಂವ ಕಾಗವಾಡದಾಗ ಹೊಸ ಮನಿ ಕಟ್ಟಿಸಿದ. ವಾಸ್ತುಶಾಂತಿ ಕಾರ್ಡು ಎಲ್ಲಿ ಹೊಡಿಸಿದ ಹೇಳ್ರಿ ನೋಡೂಣು? ಮಿರಜದಾಗ! ಸ್ವಂತ ಅಕ್ಕಂದ ಪ್ರೆಸ್ ಇಟ್ಕೊಂಡು, ಬಂಗಾರ ಬಣ್ಣದ ಅಕ್ಷರ ಬೇಕಂತ ಮಿರಜಕ್ಕ ಹೋದ. ಅದನ್ನರ ನುಂಗ್ಕೊಂತಿದ್ನಿ. ಕಾರ್ಡ ತಗದ ನೋಡಿದ್ರ ಅದರಾಗ ನನ್ನ ಹೆಸರ ಇಲ್ಲ. ಅವನ ಹೆಣ್ತಿ ಅಕ್ಕನ ಗಂಡನ ತಮ್ಮನ ಹೆಸರ ಐತಿ, ನಂದಿಲ್ಲ! ಸಿಟ್ಟು ನೆತ್ತಿಗೇರಿ ಕುಂತಿತ್ತು. ಕಾರ್ಡ ಹರದು ಅವನ ಕೈಯಾಗ ಇಟ್ಟು, "ಇನ್ನ ಮ್ಯಾಲ ನನ್ನ ಪ್ರೆಸ್ಸಿನ್ಯಾಗ ನಿನ್ನ ಹೆಸರ ಮೂಡೂದಿಲ್ಲ" ಅಂದ್ನಿ. ಅಂವನೂ ನನ್ನ ತಮ್ಮನ ಅಲ್ಲೇನು, ಸಿಟ್ಟಿಗೇನ ಕಡಿಮಿ! "ನೀ ಹೆಸರ ಹಾಕಿ ಕರದಾಗಷ್ಟ ಈ ಮನಿಗೆ ಬರ್ತೇನಿ" ಅಂತ ಪಟಗಾ ಸುತ್ಕೊಂಡು ಹೋದ. ಹೋದಂವ ಹೋದ. ನಾ ಆ ಗೂಟಕ್ಕ ಅದ ವರ್ಷದ ಕ್ಯಾಲೆಂಡರ್ ತೂಗಹಾಕಿದ್ನಿ. ಆಮ್ಯಾಲ ಅದನ್ನ ತಗೀಲೇ ಇಲ್ಲ.

ತೊಂಬತ್ತೈದರಾಗ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಅಥಣ್ಯಾಗ ಕಂಪ್ಯೂಟರ್ ಕ್ಲಾಸ್ ನಡಸೂ ಸಿದರಾಯ ಅನ್ನಾಂವ ಕಾರ್ಡ ಹೊಡಿಯೂ ಪ್ರೋಗ್ರಾಮ್ ಬರದು ಕೊಟ್ಟ. ಬಡಕ ಮನಶ್ಯಾ, ಜೇಬಿನ್ಯಾಗ ಮೂರ ಪೆನ್ನು, ಮಾತಾಡಾಕ ಚಾಲೂ ಮಾಡಿದ್ರ ಚಹಾ ಆರಿ ಹೋಗೂತನಕ ಬಿಡಾಂವಲ್ಲ.

"ಅಕ್ಕಾರ, ಎಲ್ಲಾ ಹೆಸರ ಹಾಕಿದ ಮ್ಯಾಲ ಕಡೀ ಗಳಗ್ಯಾಗ ಒಬ್ಬಂವ ಬಂದು, ನನ್ನ ಹೆಸರ ಬಿಟ್ಟೀರಿ ಅಂತಾನೋ ಇಲ್ಲೋ?" ಅಂದ.

"ಒಬ್ಬಂವಲ್ಲಪ್ಪ, ಆರ ಮಂದಿ."

"ಅದಕ್ಕ ಪ್ರೋಗ್ರಾಮಿನ್ಯಾಗ ಒಂದ ಹುಕ್ ಬಿಟ್ಟೇನಿ. ಕಾರ್ಡ ಹೊಡಿಯೂಕಿಂತ ಮೊದಲ ಪ್ರೋಗ್ರಾಮ್ ಒಂದ ಕ್ಷಣ ನಿಂತು, ಈ ಫ್ಲಾಪಿ ಹಾಕ್ಯಾರೇನು ಅಂತ ನೋಡ್ತೈತಿ. ಹಾಕಿದ್ರ, ಅದರಾಗ ನೀವು ಬರದದ್ದನ್ನ ಆ ಕಾರ್ಡಿಗಷ್ಟ ಸೇರಸ್ತೈತಿ. ಹಾಕಲಿಲ್ಲಂದ್ರ ತನ್ನ ಪಾಡಿಗೆ ತಾ ಮುಂದ ಹೋಗ್ತೈತಿ."

"ಹುಕ್ ಅಂದ್ರ ಏನೋ?"

ಅಂವ ಪಡಸಾಲಿ ಎಲ್ಲಾ ಕಣ್ಣಾಡಿಸಿ, ಹೋಗಿ ಹೋಗಿ ಅದ ಗೂಟಕ್ಕ ಬಟ್ಟ ಮಾಡಿದ. "ಇದ ನೋಡ್ರಿ. ಮನಿ ಕಟ್ಟಿದವ್ರು ತಾವ ಬಡದಿಟ್ಟ ಗೂಟ. ಬಂದವ್ರು ಪಟಗಾ ತೂಗಹಾಕ್ತಾರ, ಹೋಗೂ ಮುಂದ ತಗೊಂಡ ಹೋಗ್ತಾರ. ಗ್ವಾಡಿಗೆ ಏನೂ ಆಗೂದಿಲ್ಲ. ಅಂದಂಗ ಅಕ್ಕಾರ, ಇದಕ್ಕ ಏಳ ವರ್ಷದ ಹಿಂದಿನ ಕ್ಯಾಲೆಂಡರ್ ಯಾಕ ಹಾಕೀರಿ?"

"ನಿನ್ನ ಕೆಲಸ ನೀ ನೋಡ್ಕೊ" ಅಂದ್ನಿ. ಆ ಫ್ಲಾಪಿ ತಗೊಂಡು ನನ್ನ ಎಲಿ ಅಡಿಕಿ ಸಂಚ್ಯಾಗ ಇಟ್ಕೊಂಡ್ನಿ. ಯಾರ ಹೆಸರ ಸೇರಬೇಕು, ಯಾರದ ಬ್ಯಾಡ ಅನ್ನೂದು ನನ್ನ ಕೈಯಾಗ ಇರಲಿ ಅಂತ.

ಮರುವರ್ಷ ಭೀಮಾನ ಲಗ್ನ ಗೊತ್ತಾತು. ನಿಪ್ಪಾಣಿ ಹುಡುಗ, ಛಲೋ ಮಂದಿ. ವೈಶಾಖದಾಗ ಮುಹೂರ್ತ. ಅಷ್ಟೊತ್ತಿಗೆ ಭೀಮಾ ಕಂಪ್ಯೂಟರಿನ ಮುಂದ ಕುಂತು ಸಿದರಾಯಗಿಂತ ಚುರುಕ ಬಟ್ಟ ಆಡಸ್ತಿದ್ಲು. ತನ್ನ ಲಗ್ನದ ಕಾರ್ಡ ತಾನ ಜೋಡಸಾಕ ಕುಂತಾಗ ನನ್ನ ಕಡೆ ಹೊಳ್ಳಿ, "ಅವ್ವಾ, ಮಾಮಾನ ಹೆಸರ?" ಅಂದ್ಲು.

"ಯಾವ ಮಾಮಾ?"

"ಅವ್ವಾ, ನಾಟಕ ಮಾಡಬ್ಯಾಡ. ಅಪ್ಪ ಇಲ್ಲ. ಅಕ್ಕಿಕಾಳ ಬೀಳೂ ಹೊತ್ತಿಗೆ ಮದುಮಗಳ ಹಿಂದ ಸೋದರಮಾವ ನಿಲ್ಲಬೇಕೋ ಬ್ಯಾಡೋ? ನನ್ನ ಹಿಂದ ಯಾರ ನಿಲ್ಲಬೇಕು, ಪ್ರಿಂಟರ್ ನಿಲ್ಲಬೇಕೇನು?"

"ಹೆಸರ ಹಾಕೂದಿಲ್ಲ ಅಂದ್ರ ಇಲ್ಲ. ಸಂಚಿಗೆ ಕೈ ಹಾಕಿದೆಂದ್ರ ಮುರದೇನಿ ನೋಡ."

ಅಕಿ ಕಣ್ಣಾಗ ನೀರ ತುಂಬ್ಕೊಂಡ್ಲು. ನನಗೂ ಕೆಟ್ಟ ಅನಿಸ್ತು, ಖರೇನ ಹೇಳ್ತೇನಿ. ಆದ್ರ ಬಾಯಿ ಕೇಳಬೇಕಲ್ಲ! ಎರಡ ದಿವಸ ಅಕಿ ನನ್ನ ಜೋಡಿ ಮಾತಾಡ್ಲಿಲ್ಲ. ಮೂರನೇ ದಿವಸ ಎದ್ದು ಛಲೋತ್ನಂಗ ಚಹಾ ಮಾಡಿಕೊಟ್ಟು ನಕ್ಕೊಂತ ಕೆಲಸಕ್ಕ ಕುಂತ್ಲು. ನನಗ ಅವತ್ತ ಸಂಶೆ ಬರಬೇಕಿತ್ತು. ತಾಯಿ ಮ್ಯಾಲ ಸಿಟ್ಟಾದ ಮಗಳು ತಾನಾಗೇ ನಗಾಕತ್ಲಂದ್ರ ಎಲ್ಲೋ ಏನೋ ಕಡದ್ಯಾಳ ಅಂತ ತಿಳೀಬೇಕು. ಸುಗ್ಗಿ ಹೊತ್ತು, ಮ್ಯಾಲಿಂದ ಮ್ಯಾಲ ಕಾರ್ಡು ಬರಾಕತ್ತಿದ್ವು, ನಾ ಲಕ್ಷ್ಯ ಕೊಡಲಿಲ್ಲ. ತಿಂಗಳ ಮ್ಯಾಲ ಅಕಿ ತನ್ನ ಕಾರ್ಡಿನ ಪ್ರೂಫ್ ತಂದು ತೋರಿಸಿದ್ಲು, ನೋಡಿ "ಬರೋಬ್ಬರಿ ಐತಿ" ಅಂತ ದಾರಕ್ಕ ತೂಗಬಿಟ್ನಿ. ಮುಂದಿನ ವಾರ ಹೊಡೀಬೇಕಂತ ಇತ್ತು.

ನಾಕ ದಿವಸ ಬಿಟ್ಟು ಕೊಕಟನೂರದಿಂದ ಮಲಕವ್ವ ಬಂದ್ಲು. ಕುರಿ ಕಾಯೂ ಮನಿತನ, ತಿಂಗಳ ಹಿಂದ ಮಗನ ಲಗ್ನದ ಕಾರ್ಡು ನಮ್ಮಲ್ಲೇ ಹೊಡಿಸಿದ್ಲು. ಬಂದಾಕಿ ನಾಕ ಖಾಲಿ ಬುಟ್ಟಿ ನನ್ನ ಮುಂದ ಧಪ್ ಅಂತ ಇಟ್ಲು.

"ಕಸ್ತೂರೆವ್ವಾ, ನಮ್ಮ ಮಾವ ಯಾರ ಬೇ? ಇವನ್ನ ಮುಟ್ಟಸಬೇಕು."

"ಯಾವ ಮಾವ?"

"ಕೆಂಪ ಪಟಗಾದಂವ ಬೇ! ನಾಕ ಬುಟ್ಟಿ ದ್ರಾಕ್ಷಿ ಹೊತ್ಕೊಂಡು ಬಂದ. ಬಾಗಲದಾಗ ನಿಂತು ಬಂದವ್ರನ್ನೆಲ್ಲಾ 'ಬರ್ರಿ, ಕುಂದರ್ರಿ' ಅಂದ. ಪಂಕ್ತ್ಯಾಗ ಹುಗ್ಗಿ ಬಡಸಿದ. ಬೀಗರು ಜಗಳಾ ತಗದಾಗ ನಡು ನಿಂತು ಬಿಡಿಸಿದ. ಇಂಥಾ ಮನಶ್ಯಾ ಬೀಗರ ಕಡೆ ಅದಾನಲ್ಲ ಅಂತ ನಾವು ಅಂದ್ವಿ. ಈಗ ಬುಟ್ಟಿ ಕೊಡಾಕ ಹೋದ್ರ ಬೀಗರು ಅಂತಾರ, ನಿಮ್ಮ ಕಡಿಯಂವ ಅಲ್ಲೇನು? ಕಾರ್ಡ ನೋಡಿದ್ರ ಅದರಾಗ ಹೆಸರ ಐತಿ! ಕಾಗವಾಡದ ಆಬಾಸಾಹೇಬ, ಸೋದರಮಾವ ಅಂತ. ನನಗಿರಾವ್ರು ಇಬ್ರ ತಮ್ಮಂದಿರು, ಇಬ್ಬರೂ ಬೋಳತಲಿಯಾವ್ರು. ಈ ಪಟಗಾದಂವ ಎಲ್ಲಿಂದ ಹುಟ್ಟಿದ?"

ಅಕಿನ್ನ ಚಹಾ ಕುಡಿಸಿ ಕಳಿಸಿ, ಆ ತಿಂಗಳ ಹೊಡದ ಕಾರ್ಡಿನ ಕಟ್ಟು ಬಿಚ್ಚಿದ್ನಿ. ಜೀವಮಾನದಾಗ ಮೊದಲ ಸಲ ಕಾರ್ಡು ಪೂರಾ ಓದಿದ್ನಿ. ರಾಯಬಾಗದ ಲಗ್ನ, ಆಬಾಸಾಹೇಬ ಸೋದರಮಾವ. ಅಥಣಿ ಲಗ್ನ, ಆಬಾಸಾಹೇಬ ಸೋದರಮಾವ. ಚಿಕ್ಕೋಡಿದು ಒಂದು, ಕುಡಚಿದು ಒಂದು. ಶ್ರೀಪಾಲನ ಸೈಕಲ್ ಅಂಗಡಿ ಉದ್ಘಾಟನಿ, ಅದಕ್ಕೂ ಸೋದರಮಾವ! ಸೈಕಲ್ಲಿಗೆ ಸೋದರಮಾವ ಯಾರರ ಕೇಳೀರೇನು? ಕಡೀದು ನೋಡಿ ತಲಿ ಹಿಡ್ಕೊಂಡ್ನಿ. ನಮ್ಮ ಊರ ವಿರುಪಾಕ್ಷಪ್ಪಜ್ಜ ತೊಂಬತ್ತೆರಡ ವರ್ಷಕ್ಕ ತೀರಿಕೊಂಡಿದ್ದ, ಅವನ ದಿವಸದ ಕಾರ್ಡಿನ್ಯಾಗೂ ದುಃಖದಲ್ಲಿರುವ ಸೋದರಮಾವ ಆಬಾಸಾಹೇಬ. ಆ ಅಜ್ಜನ ಸೋದರಮಾವ ಬದುಕಿದ್ರ ನೂರಾ ಇಪ್ಪತ್ತ ವರ್ಷದಾಂವ ಇರಬೇಕು. ನನ್ನ ತಮ್ಮಗ ಐವತ್ತೂ ತುಂಬಿಲ್ಲ.

ಮಲಕವ್ವಂದೂ ಹಿಡದು ಏಳು ಕಾರ್ಡು. ಒಬ್ಬರೂ ಓದಿಲ್ಲ, ಒಬ್ಬರೂ ಕೇಳಿಲ್ಲ. ಅಪ್ಪನ ಕಡಿಯವ್ರು ಅವ್ವನ ಕಡಿಯಂವ ಅಂದ್ಕೊಂಡ್ರು, ಅವ್ವನ ಕಡಿಯವ್ರು ಅಪ್ಪನ ಕಡಿಯಂವ ಅಂದ್ಕೊಂಡ್ರು. ಮಲಕವ್ವನ ಮನಿಗೆ ಹೋದಂವ ಉಳದ ಆರೂ ಕಡೆ ಹೋಗ್ದ ಇರ್ತಾನೇನು!

ಸಿದರಾಯಗ ಫೋನ್ ಮಾಡಿ ಚೀರಿದ್ನಿ. ಮಧ್ಯಾಹ್ನದ ಬಸ್ಸಿಗೆ ಬಂದ. ಪ್ರೋಗ್ರಾಮ್ ತಗದು ಸಾಲಿಂದ ಸಾಲಿಗೆ ಇಳದ, ಒಂದ ಕಡೆ ನಿಂತು "ಅಬಾಬಾ!" ಅಂದ.

"ಏನಾತೋ? ನಿನ್ನ ಹುಕ್ಕಿಗೆ ಬೆಂಕಿ ಹಚ್ಚಲಿ."

"ಹುಕ್ಕಿನ ತಪ್ಪಲ್ರಿ ಅಕ್ಕಾರ, ಹುಕ್ ಖಾಲಿನ ಐತಿ. ಇದು ಕೋಡ್ ಇಂಜೆಕ್ಷನ್. ಯಾರೋ ಗೂಟ ಬಿಟ್ಟು ಗ್ವಾಡಿ ಒಡದಾರ. ಇಟ್ಟಂಗಿ ತಗದು, ಒಳಗ ಪಟಗಾ ತುರುಕಿ, ಮ್ಯಾಲ ಮಣ್ಣ ಮೆತ್ಯಾರ. ಗೂಟಕ್ಕ ಹಾಕಿದ್ದು ಯಾರದು, ಯಾವಾಗ ತಗೀಬೇಕು ಅಂತ ಮನಿಯವ್ರಿಗೆ ಗೊತ್ತಿರ್ತೈತಿ. ಗ್ವಾಡ್ಯಾಗ ಸೇರಿಸಿದ್ದು ಗೊತ್ತಾಗೂದಿಲ್ಲ. ಮನಿ ಇರೂತನಕ ಅಲ್ಲೇ ಇರ್ತೈತಿ, ಬಂದವ್ರಿಗೆಲ್ಲಾ ಬಡೀತೈತಿ. ಇಲ್ಲಿ ನೋಡ್ರಿ, ಕಾರ್ಡ ಹೊಡಿಯೂ ಜಾಗಾದಾಗ ಸೀದಾ ಒಂದ ಸಾಲ ತೂರಿಸ್ಯಾರ. ಯಾರ ಕಾರ್ಡು ಅಂತ ಅದು ಕೇಳೂದ ಇಲ್ಲ, ಲಗ್ನ ಇರ್ಲಿ, ದಿವಸ ಇರ್ಲಿ, ಹೆಸರ ಒಗಿತೈತಿ."

"ಯಾರ ಮಾಡ್ಯಾರ ಇದನ್ನ? ಕೈ ಕಡೀತೇನಿ!"

"ನಾನ" ಅಂತ ಭೀಮಾ ಒಳಗಿಂದ ಬಂದ್ಲು. ಕೈಯಾಗ ಲಟ್ಟಣಗಿ ಹಂಗೇ ಇತ್ತು. "ನೀ ಫ್ಲಾಪಿ ಸಂಚ್ಯಾಗ ಬಚ್ಚಿಟ್ಕೊಂಡಿ. ಹೆಸರಿನ ಯಾದ್ಯಾಗ ಹಾಕಿದ್ರ ನೀ ನೋಡಿ ತಗಸ್ತಿದ್ದಿ, ನಾ ಏನ ಮಾಡಲಿ? ನನ್ನ ಕಾರ್ಡಿಗಷ್ಟ ಬರ್ತೈತಿ ಅಂದ್ಕೊಂಡಿದ್ನಿ."

"ನಿನ್ನ ಕಾರ್ಡು?" ನಾ ಎದ್ದು ದಾರದ ಮ್ಯಾಲಿನ ಪ್ರೂಫ್ ಕಿತ್ಕೊಂಡ್ನಿ. ಅದರಾಗೂ ಇತ್ತು. ಢಾಳ ಅಕ್ಷರದಾಗ, ನನ್ನ ಹೆಸರಿನ ಕೆಳಗಿನ ಸಾಲಿನ್ಯಾಗ. ಬರೋಬ್ಬರಿ ಐತಿ ಅಂತ ನಾನ ಪಾಸ್ ಮಾಡಿದ್ನಿ. ನನ್ನ ಹೆಸರ ನೋಡಿದ್ನಿ, ಮುಂದ ಓದಿರಲಿಲ್ಲ.

ಸಿದರಾಯ ಆ ಸಾಲ ಕಿತ್ತು ಒಗದ. "ಸ್ವಚ್ಛ ಆತ್ರಿ" ಅಂದ. ಭೀಮಾ ಲಟ್ಟಣಗಿ ಎದಿಗೆ ಹಿಡ್ಕೊಂಡು ನಿಂತಲ್ಲೇ ಅಳಾಕ ಚಾಲೂ ಮಾಡಿದ್ಲು. ಅದ ಹೊತ್ತಿಗೆ ಬಾಗಲದಾಗ ಕೆಂಪ ಪಟಗಾ ಕಾಣಿಸ್ತು.

ಎಂಟ ವರ್ಷ ಆಗಿತ್ತು. ಮೀಸಿ ಬೆಳ್ಳಗಾಗಿತ್ತು. ಹೊಸ್ತಿಲ ದಾಟ್ಲಿಲ್ಲ, ಪಟಗಾ ತಗೀಲಿಲ್ಲ. ಕೈಯಾಗ ಏಳು ಕಾರ್ಡು ಇಸ್ಪೀಟ್ ಎಲಿಯಂಗ ಹಿಡ್ಕೊಂಡಿದ್ದ.

"ಒಂದ ಮಾತ ಕೇಳಿ ಹೋಗ್ತೇನಿ, ಅಕ್ಕ. ನಿನ್ನೆ ಚಿಕ್ಕೋಡಿ ಲಗ್ನದಾಗ ಒಬ್ಬ ಮುದುಕ, 'ನೀವು ಯಾರ ಕಡಿಯವ್ರು?' ಅಂದ. ಹುಡುಗನ ಕಡಿಯವ್ರನ್ನ ನೋಡಿದ್ನಿ, ಅವ್ರು ತಲಿ ಅಳ್ಳಾಡಿಸಿದ್ರು. ಹುಡುಗಿ ಕಡಿಯವ್ರೂ ಅಳ್ಳಾಡಿಸಿದ್ರು. ಕೈಯಾಗ ಹುಗ್ಗಿ ಬಕೀಟು ಹಿಡ್ಕೊಂಡು ನಿಂತಿದ್ನಿ ಅಕ್ಕ, ನಾಚಿಕಿಲೆ ಜೀವ ಹೋತು. ಸಂತ್ಯಾಗ ಮಂದಿ ಕಾರ್ಡ ತೋರಿಸಿ, ನಿಮ್ಮ ಹೆಸರ ಐತಿ ಅಂದ್ರು. ಗಡಿ ಆಚಿಗೆ ಈಚಿಗೆ ನಮ್ಮ ಬಳಗ ದೊಡ್ಡದು, ಯಾರೋ ಮರೀದ ನೆನಸ್ಯಾರ ಅಂತ ಹೋದ್ನಿ. ಹೆಸರ ಹಾಕಿದ ಮ್ಯಾಲ ಹೋಗ್ದ ಇದ್ರ ಹೆಂಗ? ಏಳೂ ಕಾರ್ಡು ನಿನ್ನ ಪ್ರೆಸ್ಸಿನವು. ಹೇಳು, ನನ್ನ ಮರ್ಯಾದಿ ಕಳೀಬೇಕಂತ ನೀ ಹಾಕಿದ್ದೇನು?"

"ನಾ ಹಾಕಿಲ್ಲೋ! ಅದು ಇಂಜೆಕ್ಷನ್" ಅಂದ್ನಿ.

"ಯಾರಿಗೆ ಅರಾಮಿಲ್ಲ?" ಅಂದ ಗಾಬರಿಯಾಗಿ.

ಸಿದರಾಯ ಗೂಟ, ಗ್ವಾಡಿ, ಇಟ್ಟಂಗಿ ಎಲ್ಲಾ ಮತ್ತೊಮ್ಮೆ ಹೇಳಿದ. ಆಬಾಸಾಹೇಬ ಕೇಳಿದ. ಕೇಳ್ತಾ ಕೇಳ್ತಾ ಅವನ ಮಾರಿ ಸಣ್ಣದಾತು. ಭೀಮಾ ಓಡಿ ಹೋಗಿ ತನ್ನ ಪ್ರೂಫ್ ಅವನ ಕೈಯಾಗ ಕೊಟ್ಲು. "ಮಾಮಾ, ನನ್ನ ಕಾರ್ಡಿನ್ಯಾಗೂ ಐತಿ ನೋಡು, ಬರ್ತೀಯಲ್ಲ?"

ಅಂವ ಅದನ್ನ ನೋಡಿ ನನ್ನ ಕಡೆ ನೋಡಿದ. "ಇದೂ ಹಂಗ ಗ್ವಾಡಿ ಒಡದು ಹಾಕಿದ್ದೇನು?"

"ಹೌದ್ರಿ" ಅಂದ ಸಿದರಾಯ.

"ಏಳು ಮನಿಗೆ ಕರೀದ ಹೋಗಿ ಬಂದೇನಿ, ಅಕ್ಕ. ಗೊತ್ತಿಲ್ದ ಹೋದ್ನಿ. ಇದು ಗೊತ್ತಿದ್ದೂ ಹೆಂಗ ಬರಲಿ?" ಅಂದ. ಭೀಮಾನ ತಲಿ ಮ್ಯಾಲ ಕೈ ಇಟ್ಟು, ಪ್ರೂಫ್ ವಾಪಸ್ ಅಕಿ ಕೈಯಾಗ ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡದ. ಬೈದು ಹೋಗಿದ್ರ ನನಗ ಅಷ್ಟ ಸಂಕಟ ಆಗ್ತಿರಲಿಲ್ಲ.

"ಅವ್ವಾ, ಕಾಗವಾಡ ಬಸ್ಸಿಗೆ ಹತ್ತ ಮಿನಿಟ ಐತಿ" ಅಂದ್ಲು ಭೀಮಾ.

ನಾ ಸಂಚಿ ಬಿಚ್ಚಿದ್ನಿ. ಫ್ಲಾಪಿಗೆ ಸುಣ್ಣ ಹತ್ತಿತ್ತು, ಸೆರಗಿಲೆ ಒರಿಸಿ ಸಿದರಾಯನ ಕೈಯಾಗ ಕೊಟ್ನಿ. "ಎಲ್ಲಿ ಬರೀಬೇಕು ತೋರ್ಸು" ಅಂದ್ನಿ.

"ನಾ ಬರೀತೇನಿ ಬಿಡ್ರಿ ಅಕ್ಕಾರ, ನಿಮಗ ತಡಾ ಆಗ್ತೈತಿ."

"ಸರೀ ಅತ್ತಾಗ! ನನ್ನ ತಮ್ಮ ಅಂವ."

ಇಪ್ಪತ್ತೆರಡ ವರ್ಷ ಮೊಳಿ ಜೋಡಿಸಿದ ಕೈ, ಆದ್ರ ಆ ಕೀಲಿಮಣಿ ಮ್ಯಾಲ ಒಂದೊಂದ ಅಕ್ಷರ ಹುಡುಕೂದ್ರಾಗ ಬೆವತ ಬಿಟ್ನಿ. ಒಂದ ಬಟ್ಟಿಲೆ ಹೊಡದ್ನಿ. ಸೋದರಮಾವ, ಆಬಾಸಾಹೇಬ, ಕಾಗವಾಡ. ಪ್ರೋಗ್ರಾಮ್ ಹೇಳಿದಂಗ ಒಂದ ಕ್ಷಣ ನಿಂತಿತು, ಫ್ಲಾಪಿ ಗುರ್ ಅಂತು, ಪ್ರಿಂಟರ್ ಓಡ್ತು. ಹಾಳಿ ಹರಕೊಂಡು ನಾ ಬರಿಗಾಲಿಲೆ ಓಡಿದ್ನಿ. ಬಜಾರದ ಮಂದಿ ಮತ್ತ ನಕ್ರು, ನಗಲಿ.

ಬಸ್ ಚಾಲೂ ಆಗಿತ್ತು. ಕಿಡಕ್ಯಾಗ ಪಟಗಾ ಕಾಣ್ತು. ಕಿಡಕಿ ಬಡದು ಹಾಳಿ ಒಳಗ ತೂರಿಸಿದ್ನಿ. "ಓದಲೇ! ಈ ಸಲ ನಾನ ಬರದೇನಿ."

ಅಂವ ಓದಿದ. ತನ್ನ ಹೆಸರ ಓದಿ ಇಡ್ತಾನ ಅಂದ್ಕೊಂಡ್ರ, ಇಲ್ಲ, ಮ್ಯಾಲಿನ ಗಣಪತಿ ನಾಮದಿಂದ ಹಿಡದು ಕೆಳಗಿನ ತನಕ ಬಟ್ಟ ಇಟ್ಟು ಓದಿದ, ಬಾಯಿ ಬಿಟ್ಟು ಓದಿದ. ಕಂಡಕ್ಟರ್ ಸೀಟಿ ಊದಿದ. "ಏ ನಿಂದ್ರಸೋ, ನಮ್ಮ ಹುಡುಗಿ ಲಗ್ನದ್ದು ಓದಾಕತ್ತೇನಿ" ಅಂತ ಅವನ ಮ್ಯಾಲ ಹರಿಹಾಯ್ದ. ಪೂರಾ ಓದಿ ಇಳದು ಬಂದ.

"ಅಕ್ಕ, ಅವತ್ತ ಮಿರಜದಾಗ ಪ್ರೂಫ್ ಕೊಟ್ಟಿದ್ರು" ಅಂದ, ನೆಲಾ ನೋಡ್ಕೊಂತ. "ಬಂಗಾರದ ಅಕ್ಷರದಾಗ ನನ್ನ ಹೆಸರ ನೋಡಿದ್ನಿ. ಮುಂದ ಓದಲಿಲ್ಲ. ನಿನ್ನ ಹೆಸರ ಬಿಟ್ಟಾರ ಅಂತ ನೀ ಹರದು ಕೊಟ್ಟ ಮ್ಯಾಲ ಗೊತ್ತಾತು. ಆಮ್ಯಾಲ ಹೇಳಾಕ ನಾಚಿಕಿ ಬಂತು."

ಎಂಟ ವರ್ಷ ನಾ ಕಾಯ್ಕೊಂಡು ಬಂದ ಬೈಗಳು ಗಂಟಲದಾಗ ತಯಾರ ಇದ್ವು. ಆದ್ರ ಅದ ವಾರ ಮಗಳ ಕಾರ್ಡಿಗೆ ಬರೋಬ್ಬರಿ ಐತಿ ಅಂದಾಕಿ ನಾ. ಯಾವ ಬಾಯಿಲೆ ಬೈಯಲಿ? "ಪ್ರೂಫ್ ಓದಾಕ ನಿನಗೂ ಬರೂದಿಲ್ಲ, ನನಗೂ ಬರೂದಿಲ್ಲ, ನಡಿ ಮನಿಗೆ" ಅಂದ್ನಿ.

ಮನಿಗೆ ಬಂದು ಎಂಬತ್ತೆಂಟರ ಕ್ಯಾಲೆಂಡರ್ ಕಿತ್ತು ಒಗದ್ನಿ. ಅಂವ ಪಟಗಾ ತಗದು ಗೂಟಕ್ಕ ಹಾಕಿದ. ಸಿದರಾಯ ಅಲ್ಲೇ ನಿಂತು, "ನೋಡ್ರಿ ಅಕ್ಕಾರ, ಇದ ಹುಕ್" ಅಂತ ಮತ್ತ ಚಾಲೂ ಮಾಡಿದ. "ತಿಳೀತೋ ಮಾರಾಯ, ಚಹಾ ಕುಡಿ" ಅಂದ್ನಿ.

ಲಗ್ನಕ್ಕ ಆ ಏಳೂ ಮನಿಯವ್ರು ಬಂದಿದ್ರು. ಮಲಕವ್ವ ಒಂದ ಕುರಿಮರಿ ಹೊತ್ಕೊಂಡು ಬಂದು, "ಹೆಂಗರ ಬಂದಿರಲಿ, ನಮ್ಮ ಮಾವನ ಅಂವ" ಅಂತ ಎಲ್ಲಾರ ಮುಂದ ಒದರಿದ್ಲು. ಸೈಕಲ್ ಶ್ರೀಪಾಲನೂ ಬಂದಿದ್ದ. ಆಬಾಸಾಹೇಬ ನಸಿಕಿಲೆ ಎದ್ದು ಬಾಗಲದಾಗ ನಿಂತಾಂವ, ನೀರ ಕುಡಿಯಾಕೂ ಪುರಸೊತ್ತಿಲ್ಲ, ಈ ಸಲ ಅವನ್ನ ಯಾರ ಕಡಿಯವ್ರು ಅಂತ ಕೇಳೂ ಧೈರ್ಯ ಯಾರಿಗೂ ಆಗಲಿಲ್ಲ.

ಅಕ್ಕಿಕಾಳಿನ ಹೊತ್ತಾತು. ಭೀಮಾ ನಿಂತ್ಲು, ಹಿಂದ ಅಂವ ನಿಂತ. ಮಂದಿ ಕೈಯಾಗ ಅಕ್ಕಿ ಹಿಡದಿದ್ರು. ಭೀಮಾ ಹೊಳ್ಳಿ ನೋಡಿ, "ಮಾಮಾ, ಪಟಗಾ?" ಅಂದ್ಲು. ಗಡಿಬಿಡ್ಯಾಗ ಬರೀ ತಲಿಲೆ ನಿಂತಿದ್ದ! ಅಯ್ಯನೋರು ಮುಹೂರ್ತ ಮೀರ್ತೈತಿ ಅಂತ ಗದ್ದಲ ಎಬ್ಬಿಸಿದ್ರು. "ಮೀರಲಿ! ಕಾಳ ಒಗದವ್ರ ಕೈ ಮುರೀತೇನಿ" ಅಂತ ಒದರಿ, ಹಂದರ ದಾಟಿ ಪಡಸಾಲಿಗೆ ಓಡಿದ್ನಿ. ಗೂಟದ ಮ್ಯಾಲ ಇತ್ತು. ತಗೊಂಡು ಬಂದು, ಎಲ್ಲಾರೂ ಕಾಯೂ ಹೊತ್ತಿನ್ಯಾಗ, ನನ್ನ ಕೈಯಿಂದನ ಅವನ ತಲಿಗೆ ಸುತ್ತಿದ್ನಿ. ಅಂವ ಮಾರಿ ಮುಚ್ಕೊಂಡು ಅಳಾಕತ್ತಿದ್ದ, ಭೀಮಾ ನಗಾಕತ್ತಿದ್ಲು.

"ಈಗ ಒಗೀರಿ" ಅಂದ್ನಿ.